ಚರ್ಚಿಗೆ ಕೊಡುವ ದುಡ್ಡನ್ನು ಗಂಡನಿಂದ ಮುಚ್ಚಿಡುತ್ತಿದ್ದೇನೆ

ಪ್ರಶ್ನೆ: ಉಡುಪಿ ಕಡೆಯವಳು, ಖಾಸಗಿ ಶಾಲೆಯಲ್ಲಿ ಟೀಚರ್. ಮೊದಲಿಂದಲೂ ಪ್ರತಿ ತಿಂಗಳು ಸಂಬಳದಲ್ಲಿ ಸಾವಿರ ರೂಪಾಯಿ ನಮ್ಮ ಇಗರ್ಜಿಗೆ (ಚರ್ಚಿಗೆ) ಕೊಡುತ್ತೇನೆ. ದುಬೈಯಲ್ಲಿ ಅಕೌಂಟ್ಸ್ ನೋಡುತ್ತಿದ್ದ ಯಜಮಾನರು ಕೆಲಸ ಹೋಗಿ ಕಳೆದ ವರ್ಷ ಊರಿಗೆ ಬಂದರು. ಹೊಸ ಸಭಾಭವನಕ್ಕೆ ಈ ಸಲ ಕಡಿಮೆ ಕೊಟ್ಟೆವು. ಪೂಜೆ ಮುಗಿದ ಮೇಲೆ ಎಲ್ಲರ ಹೆಸರು, ಮೊತ್ತ ಓದಿದರು. ಅಂದಿನಿಂದ ಇವರು, "ಚರ್ಚಿಗೆ ಆಸ್ಪತ್ರೆ, ಕಾಲೇಜು ಎಲ್ಲ ಇದೆ. ನಿನ್ನ ಸಾವಿರ ಯಾಕೆ? ಬಡವರಿಗೆ ಕೊಡು" ಅನ್ನುತ್ತಾರೆ. ಯಾಕೆ ಕೊಡುತ್ತೇನೆ ಅಂತ ನನಗೂ ಹೇಳಲು ಬರುವುದಿಲ್ಲ. ಅತ್ತೆ ಹಾಸಿಗೆ ಹಿಡಿದಾಗ ನಮ್ಮ ವಾಳೆಯ (ಇಗರ್ಜಿಗೆ ಸೇರಿದ ಅಕ್ಕಪಕ್ಕದ ಮನೆಗಳ ಗುಂಪು) ಹೆಂಗಸರು ಸರದಿಯಲ್ಲಿ ಬಂದು ನೋಡಿಕೊಂಡದ್ದು ಮಾತ್ರ ನೆನಪಾಗುತ್ತದೆ. ಈಗ ಯಜಮಾನರಿಗೆ ಹೇಳದೆ ಕೊಡುತ್ತಿದ್ದೇನೆ. ತಪ್ಪಾ?

ಉತ್ತರ: ಕೊಡುವುದು ತಪ್ಪಲ್ಲ. ಮುಚ್ಚಿಡುವುದು ಬೇಡ. ಮನೆಯಲ್ಲಿ ಈಗ ಇರುವುದು ಒಂದೇ ಸಂಬಳ. ನಾಳೆ ನಿಮ್ಮ ಬ್ಯಾಗಿನಲ್ಲಿ ರಶೀದಿ ಅವರ ಕೈಗೆ ಸಿಕ್ಕಿದರೆ ಜಗಳ ಬರೀ ದುಡ್ಡಿನದ್ದಾಗಿ ಉಳಿಯುವುದಿಲ್ಲ.

ಆದರೆ ಅವರ ಸಿಟ್ಟು ನಿಮ್ಮ ಸಾವಿರದ ಮೇಲೆ ಅಂತ ನನಗೆ ಅನಿಸುವುದಿಲ್ಲ. ಹೆಸರು ಓದಿದ ಆ ಭಾನುವಾರದ ಮೇಲೆ. ದುಬೈಯಲ್ಲಿದ್ದಾಗ ಇಂಥ ಪಟ್ಟಿಯಲ್ಲಿ ಅವರ ಹೆಸರು ಮೇಲಿನ ಸಾಲಿನಲ್ಲೇ ಇದ್ದಿರಬೇಕು ಅಲ್ವಾ? ಕೆಲಸ ಕಳಕೊಂಡು ಬಂದವರಿಗೆ, ಊರೆಲ್ಲ ಕೂತಿರುವಾಗ ತಮ್ಮ ಹೆಸರಿನ ಮುಂದೆ ಸಣ್ಣ ಮೊತ್ತ ಕೇಳಿದರೆ ಹೇಗಾಗಬೇಡ! ಮೊತ್ತ ಓದುವ ಪದ್ಧತಿ ನನಗಂತೂ ಹಿಡಿಸುವುದಿಲ್ಲ. ತನ್ನಲ್ಲಿದ್ದ ಎರಡೇ ಕಾಸನ್ನೂ ಕಾಣಿಕೆ ಹಾಕಿದ ಬಡ ವಿಧವೆಯ ಕಥೆಯನ್ನು ಚಂದಾ ಎತ್ತುವಾಗ ತಪ್ಪದೆ ಹೇಳುತ್ತಾರೆ. ಬೈಬಲಿನ ಮಾರ್ಕನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಆ ಕಥೆಗೆ ತುಸು ಮೊದಲೇ ಯೇಸುಸ್ವಾಮಿ ವಿಧವೆಯರ ಮನೆ ನುಂಗುವ ಶಾಸ್ತ್ರಿಗಳನ್ನು ಗದರಿದ್ದಾರೆ. ಅದು ಕಿವಿಗೆ ಬೀಳುವುದು ಅಪರೂಪ.

ನಿಮ್ಮ ಯಜಮಾನರ ಮಾತಿನಲ್ಲಿ ಅರ್ಧ ಸರಿಯಿದೆ. ಕಥೋಲಿಕ ಚರ್ಚಿನ ಕಾನೂನಾದ 1983ರ ಕ್ಯಾನನ್ ಕಾನೂನಿನ 222ನೇ ಕಲಮು ಚರ್ಚಿನ ಅಗತ್ಯಗಳಿಗೆ ನೆರವಾಗಿ ಅನ್ನುತ್ತದೆ. ಅದೇ ಕಲಮು, ನಿಮ್ಮ ದುಡಿಮೆಯಿಂದ ಬಡವರಿಗೂ ಕೊಡಿ ಅನ್ನುತ್ತದೆ. ಒಂದು ಮಾಡಿದರೆ ಇನ್ನೊಂದು ಬೇಡ ಅಂತಿಲ್ಲ. ಎಷ್ಟು ಅಂತಲೂ ಅಲ್ಲಿ ಹೇಳಿಲ್ಲ. ಹತ್ತರಲ್ಲಿ ಒಂದು ಭಾಗ ಕೊಡಲೇಬೇಕು ಅನ್ನುವುದು ಬೇರೆ ಕೆಲವು ಕ್ರೈಸ್ತ ಪಂಗಡಗಳ ರೂಢಿ. ಇನ್ನು ಆಸ್ಪತ್ರೆ, ಕಾಲೇಜಿನ ಮಾತು. ಫಾದರ್ ಮುಲ್ಲರ್ ಆಸ್ಪತ್ರೆ ಮಂಗಳೂರು ಧರ್ಮಪ್ರಾಂತದ್ದು (ಬಿಷಪರ ಆಡಳಿತದ್ದು), ಮಂಗಳೂರಿನ ಅಲೋಶಿಯಸ್ ವಿದ್ಯಾಸಂಸ್ಥೆ ಜೆಸ್ವಿಟ್ ಗುರುಗಳ ಸಂಘದ್ದು. ಅವುಗಳ ಲೆಕ್ಕ ಬೇರೆ. ನಿಮ್ಮೂರಿನ ಇಗರ್ಜಿಯ ಮಾಡು ಸೋರಿದರೆ ಅಲ್ಲಿಂದ ದುಡ್ಡು ತಾನಾಗಿ ಬರುವುದಿಲ್ಲ.

ಯಾಕೆ ಕೊಡುತ್ತೇನೆ ಗೊತ್ತಿಲ್ಲ ಅಂದಿರಿ. ಉತ್ತರ ನಿಮ್ಮ ಕಾಗದದಲ್ಲೇ ಇದೆ. ಅತ್ತೆಯ ಬೆನ್ನು ಒರೆಸಿ, ಬಟ್ಟೆ ಬದಲಿಸಿದ ಆ ಹೆಂಗಸರು ನಿಮಗೆ ಪರಿಚಯ ಆದದ್ದು ಎಲ್ಲಿ? ವಾಳೆಯ ಪ್ರಾರ್ಥನೆ ಕೂಟದಲ್ಲಿ. ಭಾನುವಾರ ಪೂಜೆ ಬಿಟ್ಟ ಮೇಲೆ ಅಂಗಳದಲ್ಲಿ ನಿಂತು ಮಾತಾಡುವಾಗ. ಮೊಂತಿ ಹಬ್ಬಕ್ಕೆ (ಮಾತೆ ಮರಿಯಮ್ಮನ ಹುಟ್ಟುಹಬ್ಬ) ಒಂಬತ್ತು ದಿನ ಮಕ್ಕಳ ಕೈಯಲ್ಲಿ ಹೂ ಕೊಟ್ಟು ಕರೆತಂದಾಗ, ಸೆಪ್ಟೆಂಬರ್ 8ಕ್ಕೆ ತೆನೆಗಾಗಿ ಸಾಲು ನಿಂತಾಗ. ಅಂಥ ಜಾಗ ಸುಮ್ನೆ ನಡೆಯುವುದಿಲ್ಲ. ಕರೆಂಟ್ ಬಿಲ್ ಕಟ್ಟಬೇಕು, ಗಂಟೆ ಬಾರಿಸುವವರಿಗೆ ಸಂಬಳ ಕೊಡಬೇಕು, ಮಳೆಗಾಲಕ್ಕೆ ಮೊದಲು ಹೆಂಚು ಸರಿ ಮಾಡಿಸಬೇಕು. ಬಡವರಿಗೆ ಅಂದರೆ ಕೊಡುವವರು ಹತ್ತು ಜನ ಸಿಗುತ್ತಾರೆ. ಮೈಕ್ ಸೆಟ್ ರಿಪೇರಿಗೆ ಅಂದರೆ ಯಾರೂ ಜೇಬಿಗೆ ಕೈ ಹಾಕುವುದಿಲ್ಲ. ನಿಮ್ಮ ಸಾವಿರ ಹೋಗುವುದು ಹೆಚ್ಚಾಗಿ ಅಲ್ಲಿಗೆ. ದಾನ ಅಂತ ನೋಡಬೇಡಿ, ಮನೆಖರ್ಚು ಅಂದುಕೊಳ್ಳಿ.

ಮನೆಖರ್ಚು ಅಂದ ಮೇಲೆ ಲೆಕ್ಕ ಕೇಳುವ ಹಕ್ಕೂ ಇದೆ. ಭಕ್ತರು ಕೊಟ್ಟದ್ದರ ಲೆಕ್ಕವನ್ನು ಅವರ ಮುಂದೆ ಇಡಬೇಕು, ಒಂದು ಕೆಲಸಕ್ಕೆ ಅಂತ ಕೊಟ್ಟದ್ದನ್ನು ಅದಕ್ಕೇ ಬಳಸಬೇಕು ಅಂತ ಅದೇ ಕಾನೂನು ಹೇಳುತ್ತದೆ. ಪ್ರತಿ ಧರ್ಮಕೇಂದ್ರದಲ್ಲೂ, ಅಂದರೆ ಊರಿನ ಇಗರ್ಜಿಯಲ್ಲೂ, ಹಣಕಾಸು ಸಮಿತಿ ಇರಲೇಬೇಕು. ಅಕೌಂಟ್ಸ್ ಬಲ್ಲವರು ಮನೆಯಲ್ಲೇ ಇದ್ದಾರಲ್ಲ! ಅವರಿಗೆ ಮನಸ್ಸಿದ್ದರೆ ಫಾದರ್ ಹತ್ತಿರ ಒಂದು ಮಾತು ಹೇಳಿ. ಮೊತ್ತ ಓದುವ ಪದ್ಧತಿ ಬಿಡಿಸಲೂ ಸಮಿತಿಯೊಳಗೆ ಕೂತವರಿಗೆ ಸುಲಭ.

ಮೊದಲು ಇಬ್ಬರೂ ಕೂತು ಮಾತಾಡಿ. ಆ ಭಾನುವಾರದ ಮಾತು ಮೊದಲು ತೆಗೆಯಿರಿ, ಸಾವಿರದ್ದು ಆಮೇಲೆ. ಮನೆ ಕಷ್ಟದಲ್ಲಿದ್ದರೆ ಅವರಿಗೆ ಕೆಲಸ ಸಿಗುವವರೆಗೆ ಇನ್ನೂರು ಕೊಡಿ, ಅಷ್ಟು ಸಾಕು. ಯಾಕೆ ಕಡಿಮೆ ಅಂತ ವಾಳೆಯ ಮುಖ್ಯಸ್ಥರಾದ ಗುರಿಕಾರರಿಗೆ ವಿವರ ಕೊಡಬೇಕಾಗಿಲ್ಲ.