ಮಾವನ ಜೀಪು, ಅಳಿಯನ ಥಾರ್

(ಇಬ್ಬರ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಸಲಹೆ ಕೇಳಿಕೊಂಡು ನನ್ನ ಬಳಿ ಮೊದಲು ಬಂದದ್ದು ಮಗಳು. "ಮೇಡಂ, ಒಂದು ಗಾಡಿ ವಿಷಯಕ್ಕೆ ಅಪ್ಪ, ನಮ್ಮೆಜಮಾನ್ರು ಎಂಟು ತಿಂಗಳಿಂದ ಮಾತಾಡ್ತಿಲ್ಲ" ಎಂದರು. ಹೇಳಲು ಅವರಿಗೇ ಸಂಕೋಚ. ನನಗೆ ಅದು ಸಣ್ಣ ವಿಷಯ ಅನ್ನಿಸಲಿಲ್ಲ.

ಅಪ್ಪ ಸಕಲೇಶಪುರದ ಕಡೆಯ ಕಾಫಿ ಬೆಳೆಗಾರರು, ಅರವತ್ತು ದಾಟಿದವರು. ಮೂವತ್ತು ವರ್ಷದಿಂದ ಅದೇ ಮಹೀಂದ್ರ ಎಂಎಂ 540 ಜೀಪು. ಗೊಬ್ಬರ, ಕಾಫಿ ಮೂಟೆ, ಕೆಲಸದವರು ಎಲ್ಲ ಅದರಲ್ಲೇ. ಈ ಮಗಳು ಹುಟ್ಟುವಾಗ ಹೆಂಡತಿಯನ್ನು ಜುಲೈ ಮಳೆಯಲ್ಲಿ, ಚಕ್ರಕ್ಕೆ ಚೈನು ಕಟ್ಟಿಕೊಂಡು ಆಸ್ಪತ್ರೆಗೆ ಇಳಿಸಿದ್ದೂ ಅದರಲ್ಲೇ.

ಅಳಿಯ ಬೆಂಗಳೂರಿನ ಐಟಿ ಉದ್ಯೋಗಿ. 2020ರ ಅಕ್ಟೋಬರ್‌ನಲ್ಲಿ ಮಹೀಂದ್ರದ್ದೇ ಜೀಪಿನಂಥ ಗಾಡಿ, ಹೊಸ ಥಾರ್ ಬಂದಾಗ ಬುಕ್ ಮಾಡಿ, ತಿಂಗಳುಗಟ್ಟಲೆ ಕಾದು ತಂದವರು. ಶನಿವಾರ ಬಂದರೆ ಗೆಳೆಯರ ಜೊತೆ ಕೆಸರು, ಕಲ್ಲು ಹಾದಿ ಹುಡುಕಿಕೊಂಡು ಹೊರಡುತ್ತಾರೆ.

ಕಳೆದ ಮಳೆಗಾಲದಲ್ಲಿ ಮಾವನ ಮನೆಗೆ ಹೋದವರು ತೋಟದ ಕೆಳಗಿನ ಹಳ್ಳ ದಾಟಲು ಹೊರಟರು. "ಬೇಡ ಅಳಿಯಂದ್ರೇ" ಎಂದರು ಮಾವ. "650 ಮಿಲಿಮೀಟರ್ ನೀರಲ್ಲಿ ಹೋಗುತ್ತೆ ಅಂತ ಕಂಪನಿಯವರೇ ಹೇಳಿದ್ದಾರೆ ಮಾವ" ಎಂದರು ಅಳಿಯ. "ಹಳ್ಳದಲ್ಲಿ ಎಷ್ಟಿದೆ ಅಂತ ಅಳೆದ್ರಾ?" ಅದಕ್ಕೆ ಉತ್ತರ ಬರಲಿಲ್ಲ. ನೀರು ಆಳವಿರಲಿಲ್ಲ ನಿಜ. ಆಚೆ ದಡದ ಜೇಡಿಯಲ್ಲಿ ಗಾಡಿ ಹೊಟ್ಟೆಯವರೆಗೆ ಹೂತಿತು. ಜೀಪು ತಂದು, ಹಗ್ಗ ಕಟ್ಟಿ ಎಳೆದದ್ದು ಮಾವ. ಎಳೆದ ಮೇಲೆ ಕೆಲಸದವರ ಎದುರೇ "ಇದು ಶೋಕಿ ಗಾಡಿ ಕಣ್ರೋ, ಡಾಂಬರ್ ರಸ್ತೆಗೆ ಸರಿ" ಎಂದು ನಕ್ಕರು. ಅಳಿಯ ಊಟಕ್ಕೂ ನಿಲ್ಲದೆ ಹೊರಟುಹೋದರು.

ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳಿದೆ. ಮಾವ ಹೇಳಿದರು: "ನಾವು ಗತಿಯಿಲ್ಲದಾಗ ಕೆಸರಿಗೆ ಇಳಿದವರು. ಇವರು ಕೆಸರು ಹುಡುಕ್ಕೊಂಡು ಬರ್ತಾರೆ. ಮಗಳೂ ಒಳಗೇ ಕೂತಿದ್ದಳು, ಗೊತ್ತಾ ನಿಮಗೆ?" ಆ ಕೊನೆಯ ಮಾತು ಹೇಳುವಾಗ ಅವರ ಕೈ ಮೇಜಿನ ಅಂಚನ್ನು ಹಿಡಿದಿತ್ತು. ಮಗಳು ಒಳಗಿದ್ದ ವಿಷಯ ಅದುವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಅಳಿಯ ಹೇಳಿದರು: "ಮಾವನ ಜೀಪು ನೋಡಿಯೇ ನನಗೆ ಈ ಹುಚ್ಚು ಹತ್ತಿದ್ದು. ಗಾಡಿ ಬಂದ ವಾರವೇ ಅವರಿಗೆ ತೋರಿಸೋಕೆ ಓಡಿದ್ದೆ. ಒಂದು ಸಲನೂ ಒಳಗೆ ಕೂರಲಿಲ್ಲ." ಇದನ್ನೂ ಅವರು ಯಾರಿಗೂ ಹೇಳಿರಲಿಲ್ಲ.

ಮಾವನ ಜೀಪಿನಲ್ಲಿ ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ) ಹಾಕಬೇಕಾದರೆ ಕೆಳಗಿಳಿದು, ಮುಂದಿನ ಎರಡೂ ಚಕ್ರದ ನಡುವಿನ ಹಬ್ ಎಂಬ ಭಾಗವನ್ನು ಕೈಯಿಂದ ತಿರುಗಿಸಬೇಕು. ಇಳಿದವರ ಕಾಲಿಗೆ ನೆಲ ಎಷ್ಟು ಮೆತ್ತಗಿದೆ ಅಂತ ತಾನಾಗಿ ತಿಳಿಯುತ್ತೆ. ಹೊಸ ಗಾಡಿಯಲ್ಲಿ ಕೂತಲ್ಲೇ ಲಿವರ್ ಎಳೆದರೆ ಸಾಕು. ಹಾಗಂತ ಹೊಸಬರಿಗೆ ಏನೂ ಗೊತ್ತಿಲ್ಲ ಅನ್ನೋದು ತಪ್ಪು. ಕೆಸರಿನಲ್ಲಿ ಟೈರಿನ ಗಾಳಿ ಇಳಿಸಿದರೆ ಟೈರು ಅಗಲವಾಗಿ ಕೂತು ಹಿಡಿತ ಜಾಸ್ತಿ ಸಿಗುತ್ತೆ ಎಂಬುದು ಅಳಿಯನಿಗೆ ಗೊತ್ತಿತ್ತು. ಮತ್ತೆ ಗಾಳಿ ತುಂಬಲು ಪುಟ್ಟ ಪಂಪೂ ಅವರ ಗಾಡಿಯಲ್ಲಿತ್ತು. ತೋಟದಲ್ಲಿ ಪಂಪಿಲ್ಲದ ಕಾಲದಲ್ಲಿ ಕಲಿತ ಮಾವ ಗಾಳಿ ಇಳಿಸಿದವರೇ ಅಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಪೂರ್ತಿ ಮಾವನ ಕಡೆ. ಅಳಿಯನ ಗೆಳೆಯರು ಗುಡ್ಡದ ಹುಲ್ಲಿನ ಮೇಲೆ ಗಾಡಿ ಹತ್ತಿಸಿದ್ದರು. ಮಳೆಗಾಲದಲ್ಲಿ ಚಕ್ರ ಕೊರೆದ ಗೆರೆಯಲ್ಲೇ ನೀರು ಹರಿದು ಅದು ಕೊರಕಲಾಗುತ್ತೆ, ಮಣ್ಣು ಕೆಳಗಿನವರ ಗದ್ದೆಗೆ ಬರುತ್ತೆ. ರಕ್ಷಿತಾರಣ್ಯದೊಳಗೆ ಅನುಮತಿಯಿಲ್ಲದೆ ಹೋದರಂತೂ ಅಪರಾಧ. ಇದನ್ನು ಅಳಿಯನಿಗೆ ನೇರವಾಗಿಯೇ ಹೇಳಿದೆ.

ಮಾವನಿಗೆ ಹೇಳಿದ್ದು: ನಾಲ್ಕು ಜನರ ಎದುರು ನಕ್ಕದ್ದಕ್ಕೆ ನೀವೇ ಮೊದಲು ಫೋನ್ ಮಾಡಿ. ಬುದ್ಧಿ ಹೇಳಬೇಡಿ. "ಮಗಳು ಒಳಗಿದ್ದಳು, ಹೆದರಿಬಿಟ್ಟೆ" ಅಷ್ಟೇ ಹೇಳಿ. ಆಮೇಲೆ ಥಾರಿನ ಎಡಗಡೆ ಸೀಟಿನಲ್ಲಿ ಸುಮ್ನೆ ಒಂದು ಗಂಟೆ ಕೂತು ಬನ್ನಿ.

ಅಳಿಯನಿಗೆ: ಹಳ್ಳವಿರಲಿ, ಕೆಸರಿರಲಿ, ಮೊದಲು ನಡೆದು ದಾಟಿ. ಮಾವ ಬೇಡ ಅಂದ ಕಡೆ ಅವರ ಮಗಳನ್ನು ಇಳಿಸಿಯೇ ಮುಂದೆ ಹೋಗಿ. ರಜೆ ಹಾಕಿ, ಮಳೆಯ ಒಂದು ಕೆಲಸದ ದಿನ ಅವರ ಜೊತೆ ತೋಟದಲ್ಲಿ ಓಡಾಡಿ.

ಇಬ್ಬರಿಗೂ: ಗಾಡಿ ಎಳೆಯುವಾಗ ಒಬ್ಬರೇ ಸನ್ನೆ ಮಾಡಬೇಕು, ಹಗ್ಗದ ಹತ್ತಿರ ಯಾರೂ ನಿಲ್ಲಬಾರದು. ತುಂಡಾದ ಹಗ್ಗದ ಏಟು ಪ್ರಾಣಕ್ಕೇ ಬರುತ್ತೆ.

ಮಾವ ಫೋನ್ ಮಾಡಲು ಮೂರು ವಾರ ತೆಗೆದುಕೊಂಡರು. ಮಾತು ಎರಡೇ ನಿಮಿಷ ನಡೆಯಿತಂತೆ. ಈ ಜೂನ್‌ನಲ್ಲಿ ಅಳಿಯ ಎರಡು ದಿನ ತೋಟದಲ್ಲಿದ್ದರು. ಹಳ್ಳದ ಹತ್ತಿರ ಪ್ಯಾಂಟು ಮಡಚಿ ಇಳಿದು, ಕೋಲು ಊರಿ ಆಳ ನೋಡಿದರಂತೆ. ನೀರು ಜಾಸ್ತಿ ಇತ್ತು, ದಾಟಲಿಲ್ಲ. ಮೊನ್ನೆ ಮಗಳು ಒಂದು ಫೋಟೋ ಕಳಿಸಿದ್ದಾರೆ: ಮಾವ ಜೀಪಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಟೈರಿನ ಗಾಳಿ ಇಳಿಸುತ್ತಿದ್ದಾರೆ, ಪಕ್ಕದಲ್ಲಿ ಅಳಿಯ ಪಂಪು ಹಿಡಿದು ನಿಂತಿದ್ದಾರೆ. ಗುಡ್ಡದ ಹುಲ್ಲಿನ ವಿಷಯಕ್ಕೆ ಮಾತ್ರ ಇಬ್ಬರೂ ಇನ್ನೂ ಜಗಳವಾಡುತ್ತಾರಂತೆ, ಊಟಕ್ಕೆ ಕೂತಾಗ.