ಎಣ್ಣೆ ಹೊಡೆದವನು ಯಾವ ಲೆಕ್ಕದಲ್ಲೂ ಇಲ್ಲ

"ಸಂಪಾದಕರಿಗೆ ನಮಸ್ಕಾರ. ಕೆಂಪು ತ್ರಿಕೋನದ ಕೀಟನಾಶಕಗಳನ್ನು ಅಂಗಡಿಯಿಂದ ತೆಗೆಯಬೇಕು ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ಇದು ಭಾವುಕತೆ, ವಿಜ್ಞಾನ ಅಲ್ಲ. ಅಪಾಯ ಸಾಬೀತಾದ ಮೇಲೆ ನಿಷೇಧ ಮಾಡಲಿ, ಬೇಡ ಅಂದವರ್ಯಾರು? ಬರೀ ಅನುಮಾನದ ಮೇಲೆ ಕಾನೂನು ಮಾಡಿದರೆ ರೈತ ಉಳಿಯುವುದಿಲ್ಲ. ಕಪ್ಪು ನುಸಿ ಬಂದ ವರ್ಷ ನನ್ನ ನಾಲ್ಕು ಎಕರೆ ಮೆಣಸಿನಕಾಯಿಗೆ ಹದಿನಾಲ್ಕು ಸಲ ಎಣ್ಣೆ ಹೊಡೆಸಿದೆ. ಯಾವುದು ಎಷ್ಟು ಎಂ.ಎಲ್., ಎಷ್ಟು ದುಡ್ಡು, ಲೆಕ್ಕ ಜೊತೆಗೆ ಇಟ್ಟಿದ್ದೇನೆ."
— ನಿವೃತ್ತ ವಿಜ್ಞಾನ ಶಿಕ್ಷಕರು, ಮಾನ್ವಿ ತಾಲ್ಲೂಕು

ಮಾಸ್ತರರೇ, ನಿಮ್ಮ ಪತ್ರ ಎರಡು ಸಲ ಓದಿದೆ. ಲೆಕ್ಕದ ಹಾಳೆಯನ್ನು ಮೂರು ಸಲ ಓದಿದೆ. ಇಷ್ಟು ಅಚ್ಚುಕಟ್ಟಾಗಿ ಲೆಕ್ಕ ಬರೆದಿಡುವ ರೈತರು ರಾಯಚೂರು ಜಿಲ್ಲೆಯಲ್ಲಿ ಎಷ್ಟು ಜನ ಇದ್ದಾರೋ ಗೊತ್ತಿಲ್ಲ. ನಿಮ್ಮ ಕೈಯಲ್ಲಿ ಕಲಿತ ಮಕ್ಕಳು ಪುಣ್ಯವಂತರು. ಅದಕ್ಕೇ ನಿಮ್ಮ ಜೊತೆ ಸ್ವಲ್ಪ ಜಗಳ ಆಡಬೇಕು ಅನ್ನಿಸಿತು.

ನಿಮ್ಮ ಮಾತಿನಲ್ಲಿ ಸತ್ಯ ಇದೆ. 2021ರ ಏಪ್ರಿಲ್‌ನಲ್ಲಿ ಶ್ರೀಲಂಕಾ ಸರ್ಕಾರ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಲ್ಲಿಸಿತು. ಭತ್ತದ ಇಳುವರಿ ಬಿತ್ತು, ಅಕ್ಕಿ ಬೆಲೆ ಏರಿತು, ನವೆಂಬರ್‌ಗೆ ಆದೇಶ ವಾಪಸ್ ತಗೊಂಡರು. ರೈತನ ಕೈಗೆ ಬದಲಿ ಏನೂ ಕೊಡದೆ ಇರುವುದನ್ನು ಕಿತ್ತುಕೊಳ್ಳುವುದು ತಪ್ಪು. ಒಪ್ಪಿದೆ.

ಆದರೆ ಅದೇ ಲಂಕೆಯ ಇನ್ನೊಂದು ಕಥೆಯನ್ನೂ ಕೇಳಿ. 1990ರ ದಶಕದ ಮೊದಲಲ್ಲಿ ಅಲ್ಲಿನ ಆತ್ಮಹತ್ಯೆ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನ ಪೈಕಿ ಒಂದಾಗಿತ್ತು. ಹೆಚ್ಚಿನವರು ಕುಡಿದದ್ದು ಹೊಲಕ್ಕೆ ಹೊಡೆಯುವ ವಿಷವನ್ನೇ. 1995ರ ಹೊತ್ತಿಗೆ ಅತಿ ಕಡು ವಿಷಗಳನ್ನು ನಿಲ್ಲಿಸಿದರು, 1998ರಲ್ಲಿ ಎಂಡೋಸಲ್ಫಾನ್ ನಿಲ್ಲಿಸಿದರು. ಮುಂದಿನ ವರ್ಷಗಳಲ್ಲಿ ಆತ್ಮಹತ್ಯೆಗಳು ಅರ್ಧಕ್ಕೂ ಕಡಿಮೆಯಾದವು. ಬೆಳೆ ಮಾತ್ರ ಕುಸಿಯಲಿಲ್ಲ. ವಿಷಗಳನ್ನು ಆರಿಸಿ, ಒಂದೊಂದಾಗಿ ತೆಗೆದದ್ದರ ಫಲ ಇದು. ಸಾವಿರಾರು ಜೀವ ಉಳಿದವು ಮಾಸ್ತರರೇ, ಸಾವಿರಾರು.

ಈಗ ನಿಮ್ಮ "ಸಾಬೀತಾಗಲಿ" ಅನ್ನುವ ಮಾತಿಗೆ ಬರೋಣ. ಕೆಂಪು ತ್ರಿಕೋನ ಅಂದರೆ ಏನು ಅಂತ ನಿಮಗೆ ಹೇಳಬೇಕಾ? ಒಂದು ಕೆ.ಜಿ. ತೂಕಕ್ಕೆ 50 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆ ಹೊಟ್ಟೆಗೆ ಹೋದರೆ ಪ್ರಯೋಗದ ಪ್ರಾಣಿಗಳಲ್ಲಿ ಅರ್ಧ ಸಾಯುತ್ತವೆ ಅಂತ. ಸಾಬೀತಾಗಿ, ಅಚ್ಚಾಗಿ, ಡಬ್ಬಿಯ ಮೇಲೇ ಅಂಟಿದೆ. ಇನ್ನೂ ಯಾವ ಪುರಾವೆಗೆ ಕಾಯೋಣ?

ಉಳಿದದ್ದು ನಿಧಾನಕ್ಕೆ ಕಾಡುವ ಅಪಾಯ. ಅಲ್ಲಿ ಪುರಾವೆ ಕಷ್ಟ, ನಿಜ. ಆದರೆ ಯಾಕೆ ಕಷ್ಟ ಅಂತ ಯೋಚಿಸಿದ್ದೀರಾ? ಔಷಧವನ್ನು ಒಂದೊಂದಾಗಿ ಪ್ರಾಣಿಗಳಿಗೆ ಕೊಟ್ಟು ನೋಡುತ್ತಾರೆ. ನಮ್ಮ ಹೊಲದಲ್ಲಿ ಯಾರು ಒಂದೇ ಹೊಡೆಯುತ್ತಾರೆ? ನಿಮ್ಮದೇ ಲೆಕ್ಕದ ಪ್ರಕಾರ ಏಳನೇ ಸಲ ಒಂದೇ ಕ್ಯಾನಿಗೆ ಮೂರು ಔಷಧ, ಮೇಲೆ ಒಂದು ಟಾನಿಕ್ ಬಿದ್ದಿದೆ. ಆ ನಾಲ್ಕೂ ಕೂಡಿ ಮನುಷ್ಯನ ಮೈಗೆ ಏನು ಮಾಡುತ್ತವೆ ಅಂತ ಪರೀಕ್ಷೆ ಮಾಡಿದ ಪ್ರಯೋಗಾಲಯ ಯಾವುದು? ಬೆನ್ನಿಗೆ ಕ್ಯಾನು ಹೊತ್ತವನ ಮೈಯೇ ಪ್ರಯೋಗಾಲಯ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದ ಹತ್ತಿ ಹೊಲಗಳಲ್ಲಿ ಹೊಡೆಯಲು ಹೋದವರಲ್ಲಿ 20ಕ್ಕೂ ಹೆಚ್ಚು ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಅವರ್ಯಾರೂ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟಿರಲಿಲ್ಲ.

ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಸಿಂಧನೂರಿನ ಹತ್ತಿರ ನಮ್ಮ ಹೊಲ ಇದ್ದ ಕಾಲ. ಹತ್ತಿಗೆ ಹೊಡೆಯಲು ಬಂದ ಹುಡುಗ ಡಬ್ಬಿಯ ಸೀಲನ್ನು ಹಲ್ಲಿನಿಂದ ಕಚ್ಚಿ ತೆಗೆದ. ಬಕೆಟ್‌ನಲ್ಲಿ ಕೈ ಹಾಕಿಯೇ ಕಲಸಿದ. ಮಧ್ಯಾಹ್ನದ ಹೊತ್ತಿಗೆ ಬದುವಿನ ಮೇಲೆ ಕುಸಿದು ಕೂತಿದ್ದ. ಬಾಯಲ್ಲಿ ನೀರು ಸೋರುತ್ತಿತ್ತು, ಅಂಗಿ ಬೆವರಿಗೆ ತೊಯ್ದಿತ್ತು. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಸಣ್ಣದಾಗಿತ್ತು. ಟೆಂಪೋದಲ್ಲಿ ಹಾಕಿಕೊಂಡು ಓಡಿದೆವು. ಡಾಕ್ಟರು ಕೇಳಿದ ಮೊದಲ ಮಾತು, "ಡಬ್ಬಿ ತಂದೀರೇನು?" ನಾವು ತಂದಿರಲಿಲ್ಲ. ಇಂಥ ವಿಷಕ್ಕೆ ಮದ್ದಾದ ಅಟ್ರೋಪಿನ್ ಮೇಲೆ ಅಟ್ರೋಪಿನ್ ಕೊಟ್ಟು ಉಳಿಸಿದರು, ಅವರ ಕೈಗೆ ದೊಡ್ಡ ನಮಸ್ಕಾರ. ಬಿಡುಗಡೆ ದಿನ ರಿಜಿಸ್ಟರ್ ನೋಡಿದೆ. ಅವನ ಹೆಸರಿನ ಮುಂದೆ ಇದ್ದದ್ದು ಎರಡೇ ಪದ: "ವಾಂತಿ, ಸುಸ್ತು".

ಅಂಥ ರಿಜಿಸ್ಟರ್‌ಗಳನ್ನು ಕೂಡಿಸಿ, ಮುಂದೊಂದು ದಿನ ಯಾರೋ ಒಬ್ಬರು ಸಭೆಯಲ್ಲಿ "ಈ ಔಷಧದಿಂದ ತೊಂದರೆಯಾದ ದಾಖಲೆ ಇಲ್ಲ" ಅನ್ನುತ್ತಾರೆ. ದಾಖಲೆ ಇಲ್ಲ ಅಂದರೆ ಯಾರೂ ಬರೆದಿಲ್ಲ ಅಂತ ಅರ್ಥ. ತೊಂದರೆ ಇಲ್ಲ ಅಂತಲ್ಲ. ವಿಜ್ಞಾನ ಕಲಿಸಿದ ನೀವೇ ಈ ಎರಡನ್ನೂ ಒಂದು ಮಾಡಿದರೆ ಹೇಗೆ?

ಎಂಡೋಸಲ್ಫಾನ್ ನೆನಪಿಸಿಕೊಳ್ಳಿ. ಕಾಸರಗೋಡಿನಲ್ಲಿ, ನಮ್ಮದೇ ದಕ್ಷಿಣ ಕನ್ನಡದಲ್ಲಿ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರ್‌ನಿಂದ ಸುರಿದರು. ಸಮಿತಿಯ ಮೇಲೆ ಸಮಿತಿ ಬಂತು. ಒಂದು ಹೌದು ಅಂತು, ಇನ್ನೊಂದು ಸಂಬಂಧ ಸಾಬೀತಾಗಿಲ್ಲ ಅಂತು. ಸುಪ್ರೀಂ ಕೋರ್ಟು 2011ರ ಮೇ 13ರಂದು ನಿಲ್ಲಿಸಿತು. ಅಷ್ಟರಲ್ಲಿ ಕೊಕ್ಕಡದ ಸುತ್ತ ಒಂದು ಪೀಳಿಗೆಯ ಮಕ್ಕಳು ಹಾಸಿಗೆಯಲ್ಲೇ ಬೆಳೆದು ದೊಡ್ಡವರಾಗಿದ್ದರು.

ಹಾಗಾದರೆ ಸಾಬೀತು ಮಾಡಬೇಕಾದವರು ಯಾರು? 1996ರಲ್ಲಿ ತಮಿಳುನಾಡಿನ ಚರ್ಮ ಹದ ಮಾಡುವ ಕಾರ್ಖಾನೆಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಹೇಳಿತು. ಪೂರ್ತಿ ವೈಜ್ಞಾನಿಕ ಖಚಿತತೆ ಇಲ್ಲ ಅನ್ನುವುದು ಸುಮ್ಮನೆ ಕೂರಲು ನೆಪ ಆಗಬಾರದು. ತನ್ನ ಕೆಲಸದಿಂದ ಹಾನಿ ಇಲ್ಲ ಅಂತ ತೋರಿಸುವ ಹೊಣೆ ಉದ್ಯಮದವನದು. ಇದು ಭಾವುಕತೆಯಲ್ಲ, ಮಾಸ್ತರರೇ. ಇದು ಈ ದೇಶದ ಕಾನೂನು.

ಕಾನೂನು ಇದ್ದರೂ ಏನು ಬಂತು ಅನ್ನಿ. 1958ರಲ್ಲಿ ಹಡಗಿನಲ್ಲಿ ಗೋಧಿ ಹಿಟ್ಟಿನ ಜೊತೆ ಪ್ಯಾರಾಥಿಯಾನ್ ವಿಷ ಸಾಗಿಸಿ, ಅದು ಹಿಟ್ಟಿಗೆ ಸೋರಿ ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಕೀಟನಾಶಕ ಕಾಯ್ದೆ ಬಂದದ್ದು 1968ರಲ್ಲಿ. 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ 27 ಕೀಟನಾಶಕಗಳನ್ನು ನಿಷೇಧಿಸುವ ಕರಡು ಹೊರಡಿಸಿತು. ಆಕ್ಷೇಪಣೆ ಬಂದವು, ಮತ್ತೆ ಸಮಿತಿ ಕೂತಿತು, 2023ರ ಹೊತ್ತಿಗೆ ಪಟ್ಟಿ ಕರಗಿ ಬೆರಳೆಣಿಕೆಗೆ ಇಳಿದಿತ್ತು. ಇದೇನಾ ಅವಸರದ ನಿಷೇಧ?

ಇನ್ನು ಡಬ್ಬಿಯ ಜೊತೆ ಬರುವ ಚೀಟಿ. ಸ್ಥಳೀಯ ಭಾಷೆಯಲ್ಲೂ ಇರಬೇಕು ಅಂತ ನಿಯಮ ಇದೆ. ಹೋದ ವಾರ ಒಂದನ್ನು ತರಿಸಿ ಬಿಡಿಸಿದೆ. ಕನ್ನಡ ಇದೆ. ಓದಲು ನನಗೆ ಭೂತಗನ್ನಡಿ ಬೇಕಾಯಿತು. ಕೈಗವಸು, ಮುಖವಾಡ, ಬೂಟು, ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ ಅಂತ ಬರೆದಿದೆ. ದಿನಗೂಲಿಯವನಿಗೆ ಇದನ್ನು ಯಾರು ಕೊಡಿಸುತ್ತಾರೆ? ಸೆಪ್ಟೆಂಬರ್ ಬಿಸಿಲಿನ ಧಗೆಯಲ್ಲಿ ಬೆನ್ನ ಮೇಲೆ ಹದಿನಾರು ಲೀಟರ್ ಹೊತ್ತು ಇಷ್ಟನ್ನೂ ಹಾಕಿಕೊಂಡು ಎಷ್ಟು ಹೊತ್ತು ನಡೆಯಬಹುದು? ನಡೆಯಲು ಆಗುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ ಹಾಗೆ ಹಾಕಿಕೊಂಡೇ ಹೊಡೆಯುತ್ತಾನೆ ಅಂತ ಲೆಕ್ಕ ಹಾಕಿ ಲೈಸೆನ್ಸ್ ಕೊಡುತ್ತಾರೆ.

ನಮ್ಮ ಭಾಷೆಯೂ ಇದರಲ್ಲಿ ಕೈಜೋಡಿಸಿದೆ ಅನ್ನಿಸುತ್ತದೆ. ವಿಷವನ್ನು ನಾವು ಔಷಧ ಅಂತೀವಿ, ಎಣ್ಣೆ ಅಂತೀವಿ. 2013ರಲ್ಲಿ ಬಿಹಾರದ ಛಪ್ರಾ ಹತ್ತಿರದ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಸೇರಿತ್ತು. ಆ ಸುದ್ದಿ ಓದಿದ ದಿನ ನಮ್ಮ ಮನೆಯ ಪಡಸಾಲೆಯ ಮಾಡದಲ್ಲಿ ಒಳ್ಳೆಣ್ಣೆಯ ಶೀಸೆಯ ಪಕ್ಕದಲ್ಲೇ ಇದ್ದ ಇನ್ನೊಂದು ಡಬ್ಬಿಯನ್ನು ನೋಡಿ ಎದೆ ಝಲ್ಲೆಂದಿತು.

ಕೊನೆಗೆ ನಿಮ್ಮ ಲೆಕ್ಕದ ಹಾಳೆಗೇ ಬರುತ್ತೇನೆ. ಹದಿನಾಲ್ಕು ಸಲದ ತಾರೀಕು ಇದೆ. ಔಷಧದ ಹೆಸರು, ಎಂ.ಎಲ್., ಬಿಲ್ ನಂಬರ್ ಇದೆ. "ಹೊಡೆಸಿದೆ" ಅಂತ ಹದಿನಾಲ್ಕು ಕಡೆ ಬರೆದಿದ್ದೀರಿ. ಹೊಡೆದವನು ಯಾರು ಅಂತ ಒಂದು ಕಡೆಯೂ ಇಲ್ಲ. ಅವನು ನಿಮ್ಮ ಊರಿನವನೇ ಇರಬೇಕು, ಬಹುಶಃ ನಿಮ್ಮ ಶಾಲೆಯಲ್ಲೇ ಕಲಿತವನು. ಈ ಸಲ ಹೊಡೆಸುವಾಗ ಹಾಳೆಯಲ್ಲಿ ಇನ್ನೊಂದು ಸಾಲು ಜಾಸ್ತಿ ಹಾಕಿ. ರಾತ್ರಿ ಅವನ ಮನೆಗೆ ಹೋಗಿ ಕೇಳಿ: ತಲೆ ನೋಯುತ್ತಾ, ಕಣ್ಣು ಮಂಜಾಗಿದೆಯಾ, ಊಟ ಸೇರಿತಾ? ಅವನು ಹೇಳಿದ್ದನ್ನು ತಾರೀಕು ಹಾಕಿ, ಔಷಧದ ಹೆಸರಿನ ಎದುರಿಗೇ ಬರೆಯಿರಿ. ಡಬ್ಬಿ ಬಿಸಾಡಬೇಡಿ. ಸುಗ್ಗಿ ಮುಗಿದ ಮೇಲೆ ಆ ಹಾಳೆಯನ್ನು ನಮಗೆ ಕಳಿಸಿ, ಅವನ ಹೆಸರು ಬಿಟ್ಟು ಉಳಿದದ್ದನ್ನು ಹಾಗೇ ಅಚ್ಚು ಹಾಕುತ್ತೇವೆ.