ಸೊನ್ನೆ ಅಂಕದ ಚಿತ್ರವನ್ನು ಅಷ್ಟೊಂದು ಜನ ನೋಡಿದ್ದೇಕೆ?

ಪ್ರಶ್ನೆ: ಈಚೆಗೆ ನಮ್ಮ ಮನೆಯಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಆಡಮ್ ಸ್ಯಾಂಡ್ಲರ್ ಅಭಿನಯದ ‘ದಿ ರಿಡಿಕ್ಯುಲಸ್ 6’ ಎಂಬ ಕೌಬಾಯ್ ಹಾಸ್ಯಚಿತ್ರವನ್ನು ನೋಡಿದೆವು. ನನ್ನ ತಮ್ಮ ಬಿದ್ದು ಬಿದ್ದು ನಕ್ಕ, ನಾನು ಅರ್ಧಕ್ಕೇ ಎದ್ದುಹೋದೆ. ವಿಮರ್ಶಕರು ಅದಕ್ಕೆ ಕೊಟ್ಟ ಅಂಕ ಶೇಕಡಾ ಸೊನ್ನೆಯಂತೆ, ಆದರೆ ಬಿಡುಗಡೆಯಾದಾಗ ಅತಿ ಹೆಚ್ಚು ಜನ ನೋಡಿದ ಚಿತ್ರವೂ ಅದೇ ಅಂತೆ. ಇದರಲ್ಲಿ ಯಾವುದನ್ನು ನಂಬುವುದು?
– ಓದುಗರೊಬ್ಬರು, ಧಾರವಾಡ

ಉತ್ತರ: ಎರಡನ್ನೂ ನಂಬಬಹುದು. ಎರಡು ಲೆಕ್ಕಗಳೂ ಬೇರೆ ಬೇರೆ ಸಂಗತಿಗಳನ್ನು ಹೇಳುತ್ತವೆ ಎಂಬುದು ನೆನಪಿದ್ದರೆ ಸಾಕು.

ಮೊದಲು ಸೊನ್ನೆಯ ವಿಚಾರ. ರಾಟನ್ ಟೊಮೇಟೋಸ್ ತಾಣವು ಒಂದು ಚಿತ್ರದ ವಿಮರ್ಶೆಗಳನ್ನು ಒಟ್ಟುಗೂಡಿಸಿ, ಅವುಗಳಲ್ಲಿ ಎಷ್ಟು ಮಂದಿ ಒಟ್ಟಾರೆಯಾಗಿ ಚಿತ್ರವನ್ನು ಮೆಚ್ಚಿದರು ಎಂಬುದನ್ನು ಶೇಕಡಾವಾರಿನಲ್ಲಿ ಹೇಳುತ್ತದೆ. ಆದ್ದರಿಂದ ಅಲ್ಲಿನ ಸೊನ್ನೆಯ ಅರ್ಥ, ಲೆಕ್ಕಕ್ಕೆ ಬಂದ ವಿಮರ್ಶಕರಲ್ಲಿ ಒಬ್ಬರೂ ‘ನೋಡಬಹುದು’ ಎನ್ನಲಿಲ್ಲ ಎಂದಷ್ಟೇ. ವಿಮರ್ಶೆಗಳ ಸರಾಸರಿ ಅಂಕವನ್ನು ಕೊಡುವ ಮೆಟಾಕ್ರಿಟಿಕ್‌ನಲ್ಲಿ ಇದೇ ಚಿತ್ರಕ್ಕೆ ನೂರಕ್ಕೆ 18 ಅಂಕ ಬಂದಿದೆ. ಅದೂ ಹೀನಾಯವೇ, ಆದರೆ ಸೊನ್ನೆಯಲ್ಲ. ಸಾಮಾನ್ಯ ಪ್ರೇಕ್ಷಕರು ಅಂಕ ಹಾಕುವ ಐಎಂಡಿಬಿಯಲ್ಲಿ ಅದು ಹತ್ತಕ್ಕೆ ಐದರ ಆಸುಪಾಸಿನಲ್ಲಿದೆ. ವಿಮರ್ಶಕರು ದ್ವೇಷಿಸಿದರು, ಜನ ತಲೆಯ ಮೇಲೆ ಹೊತ್ತು ಮೆರೆಸಿದರು ಎಂಬ ಮಾತು ಅಲ್ಲಿಗೇ ಸಡಿಲವಾಗುತ್ತದೆ. ಜನರೂ ನಿಮ್ಮ ಮನೆಯಂತೆಯೇ ಎರಡು ಪಾಲಾಗಿದ್ದರು.

ಇನ್ನು ‘ಅತಿ ಹೆಚ್ಚು ಜನ ನೋಡಿದ್ದು’. ಚಿತ್ರ ಬಿಡುಗಡೆಯಾದದ್ದು 2015ರ ಡಿಸೆಂಬರ್ 11ರಂದು. ಮುಂದಿನ ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಕಂಪನಿಯಲ್ಲಿ ಚಿತ್ರ-ಸರಣಿಗಳ ಆಯ್ಕೆಯ ಹೊಣೆ ಹೊತ್ತಿದ್ದ ಟೆಡ್ ಸರಂಡೋಸ್, ತಮ್ಮ ವೇದಿಕೆಯ ಇತಿಹಾಸದಲ್ಲಿ ಯಾವ ಚಿತ್ರವನ್ನೂ ಇಷ್ಟು ಕಡಿಮೆ ಅವಧಿಯಲ್ಲಿ ಇಷ್ಟು ಜನ ನೋಡಿರಲಿಲ್ಲ ಎಂದು ಘೋಷಿಸಿದರು. ಎಷ್ಟು ಜನ ಎಂಬ ಸಂಖ್ಯೆಯನ್ನು ಮಾತ್ರ ಹೇಳಲಿಲ್ಲ. ಚಿತ್ರಮಂದಿರದ ಗಳಿಕೆಯನ್ನು ಹೊರಗಿನವರೂ ತಾಳೆ ನೋಡಬಹುದು. ಅಂದಿನ ಓಟಿಟಿಯಲ್ಲಿ ಲೆಕ್ಕ ಬರೆಯುವವರೂ ಅವರೇ, ಓದಿ ಹೇಳುವವರೂ ಅವರೇ. ಎಷ್ಟು ನಿಮಿಷ ಓಡಿದರೆ ಚಿತ್ರವನ್ನು ‘ನೋಡಿದಂತೆ’ ಎಂಬ ನಿಯಮವನ್ನು ಆ ಕಂಪನಿಯೇ ಮುಂದೆ ಹಲವು ಬಾರಿ ಬದಲಿಸಿತು. ಕೆಲಕಾಲ ಚಿತ್ರದ ಶೇಕಡಾ 70 ಭಾಗ ಓಡಬೇಕಿತ್ತು. ಆಮೇಲೆ ಎರಡೇ ನಿಮಿಷ ಓಡಿದರೂ ಸಾಕಾಯಿತು. 2021ರ ನವೆಂಬರಿನಿಂದ ವಾರದ ಮೊದಲ ಹತ್ತರ ಪಟ್ಟಿಯಲ್ಲಿ ಒಟ್ಟು ಗಂಟೆಗಳನ್ನು ಪ್ರಕಟಿಸತೊಡಗಿದರು, 2023ರಿಂದ ಆ ಗಂಟೆಗಳನ್ನು ಚಿತ್ರದ ಅವಧಿಯಿಂದ ಭಾಗಿಸಿ ಬಂದ ಸಂಖ್ಯೆಯನ್ನು ಕೊಡುತ್ತಿದ್ದಾರೆ. ಎರಡು ನಿಮಿಷದ ನಿಯಮದಲ್ಲಿ ಅರ್ಧಕ್ಕೇ ಎದ್ದ ನೀವೂ ಪೂರ್ತಿ ನಕ್ಕ ನಿಮ್ಮ ತಮ್ಮನೂ ಸಮಾನ ಪ್ರೇಕ್ಷಕರು. ಹಾಕಿದ ಎಲೆಗಳನ್ನು ಎಣಿಸಿ ಊಟ ರುಚಿಯಾಗಿತ್ತು ಎಂದು ತೀರ್ಮಾನಿಸಿದ ಹಾಗೆ ಇದು.

ಹಾಗೆಂದು ಜನ ಸುಮ್ಮನೆ ಗುಂಡಿ ಒತ್ತಿದರು ಎಂದು ತಳ್ಳಿಹಾಕುವಂತೆಯೂ ಇಲ್ಲ. ಸ್ಯಾಂಡ್ಲರ್ ಚಿತ್ರಕ್ಕೆ ಬರುವವನಿಗೆ ಏನು ಸಿಗುತ್ತದೆಂಬುದು ಮೊದಲೇ ಗೊತ್ತಿರುತ್ತದೆ: ಅದೇ ಗೆಳೆಯರ ಗುಂಪು, ಅದೇ ಮುಗ್ಧ ಪೆದ್ದುತನ, ದೇಹದ ವಿಸರ್ಜನೆಗಳ ಸುತ್ತ ಸುತ್ತುವ ಪೋಲಿ ಹಾಸ್ಯ, ಕೊನೆಯಲ್ಲಿ ಒಂದಿಷ್ಟು ಅಪ್ಪ-ಮಗನ ಕಣ್ಣೀರು. ಚಿತ್ರಮಂದಿರಕ್ಕೆ ಸಂಸಾರ ಸಮೇತ ಹೋಗಿ ದುಡ್ಡು ಸುರಿದು ನೋಡಲು ಹಿಂಜರಿಯುವವನೂ, ತಿಂಗಳ ಚಂದಾ ಹೇಗೂ ಕಟ್ಟಿರುವಾಗ, ದುಡಿದು ಬಂದ ರಾತ್ರಿ ಇಂಥದ್ದನ್ನು ಹಾಕಿಕೊಂಡು ಸೋಫಾದ ಮೇಲೆ ಕಾಲು ಚಾಚುತ್ತಾನೆ. ನಮ್ಮ ದೇಶಕ್ಕೂ ಇದು ಅನ್ವಯಿಸುತ್ತದೆ. ನೆಟ್‌ಫ್ಲಿಕ್ಸ್ ಭಾರತಕ್ಕೆ ಕಾಲಿಟ್ಟದ್ದು 2016ರ ಜನವರಿ 6ರಂದು, ಅಂದರೆ ಈ ಚಿತ್ರ ಬಂದು ತಿಂಗಳೂ ತುಂಬದಿದ್ದಾಗ. ಅಂದಿನ ಕನಿಷ್ಠ ಚಂದಾ ತಿಂಗಳಿಗೆ 500 ರೂಪಾಯಿ ಇತ್ತು.

ಪ್ರಶ್ನೆ: ಚಿತ್ರೀಕರಣದ ಸ್ಥಳದಿಂದ ಅಮೆರಿಕದ ಮೂಲನಿವಾಸಿ ಕಲಾವಿದರು ಹೊರನಡೆದರೆಂದು ಓದಿದೆ. ಎಲ್ಲರನ್ನೂ ಗೇಲಿ ಮಾಡುವ ಚಿತ್ರದಲ್ಲಿ ತಮ್ಮನ್ನು ಮಾತ್ರ ಬಿಡಬೇಕೆಂದು ಕೇಳುವುದು ಸರಿಯೇ? ಹಾಸ್ಯವನ್ನು ಹಾಸ್ಯವಾಗಿ ತೆಗೆದುಕೊಳ್ಳಬಾರದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಅವರು ಕೇಳಿದ್ದು ತಮ್ಮನ್ನು ಬಿಡಿ ಎಂದಲ್ಲ. 2015ರ ಏಪ್ರಿಲ್‌ನಲ್ಲಿ ನ್ಯೂ ಮೆಕ್ಸಿಕೋದಲ್ಲಿ ಚಿತ್ರೀಕರಣ ನಡೆಯುತ್ತಿದ್ದಾಗ ಸುಮಾರು ಹನ್ನೆರಡು ಕಲಾವಿದರು ಹೊರನಡೆದರೆಂದು ವರದಿಯಾಯಿತು. ಅವರಲ್ಲಿ ಹೆಚ್ಚಿನವರು ನವಾಹೊ ಜನಾಂಗದವರು. ಚಿತ್ರದಲ್ಲಿ ತೋರಿಸುತ್ತಿದ್ದುದು ಇನ್ನೊಂದು ಮೂಲನಿವಾಸಿ ಜನಾಂಗವಾದ ಅಪಾಚೆಗಳನ್ನು, ಆದರೆ ಉಡುಪುಗಳು ಅಪಾಚೆಗಳವಲ್ಲ ಎಂಬುದು ಅವರ ಒಂದು ದೂರು. ಸ್ತ್ರೀಪಾತ್ರಗಳಿಗೆ ಇಟ್ಟಿದ್ದ ಹೆಸರುಗಳು ಇನ್ನೊಂದು ದೂರು: ಒಬ್ಬಾಕೆಯ ಹೆಸರು ಒಳ ಉಡುಪಿಲ್ಲದವಳು ಎಂಬರ್ಥದ್ದು, ಇನ್ನೊಬ್ಬಳದು ಅಶ್ಲೀಲ ದ್ವಂದ್ವಾರ್ಥದ್ದು. ಅವರಿಗೆ ಪವಿತ್ರವಾದ ಹೊಗೆಕೊಳವೆಯನ್ನು ಸೇದುತ್ತಲೇ ಒಬ್ಬ ಹೆಂಗಸು ಕುಕ್ಕರಗಾಲಲ್ಲಿ ಕುಳಿತು ಮೂತ್ರ ಮಾಡುವ ಪ್ರಸಂಗವೂ ಚಿತ್ರಕಥೆಯಲ್ಲಿತ್ತೆಂದು ಅವರು ಹೇಳಿದರು. ಸಂಸ್ಕೃತಿಯ ವಿಷಯದಲ್ಲಿ ಸಲಹೆ ಕೊಡಲು ನೇಮಕಗೊಂಡಿದ್ದವರೂ ಹೊರಟರು. ಎಲ್ಲ ಮೂಲನಿವಾಸಿ ಕಲಾವಿದರೂ ಹೋಗಲಿಲ್ಲ. ಉಳಿದು ಕೆಲಸ ಮುಗಿಸಿದವರೂ ಇದ್ದರು. ಚಿತ್ರದ ಹೆಸರಿನಲ್ಲೇ ಹಾಸ್ಯಾಸ್ಪದ ಎಂಬ ಮಾತಿದೆ, ಇದು ಹಳೆಯ ಕೌಬಾಯ್ ಚಿತ್ರಗಳ ಸಿದ್ಧಮಾದರಿಗಳನ್ನೇ ಅಣಕಿಸುತ್ತದೆ ಎಂದು ಕಂಪನಿ ಸಮರ್ಥಿಸಿಕೊಂಡಿತು. ಸ್ಯಾಂಡ್ಲರ್ ಅದನ್ನು ತಪ್ಪು ತಿಳಿವಳಿಕೆ ಎಂದು ಕರೆದರು, ಚಿತ್ರ ಮೂಲನಿವಾಸಿಗಳ ಪರವಾಗಿಯೇ ಇದೆ ಎಂದರು.

ಕಂಪನಿಯ ವಾದ ಕಾಗದದ ಮೇಲೆ ಚೆನ್ನಾಗಿದೆ. ಕಥಾನಾಯಕ ಮೂಲನಿವಾಸಿಗಳ ನಡುವೆ ಬೆಳೆದ ಬಿಳಿಯ, ಅವರ ಬಗ್ಗೆ ಗೌರವವುಳ್ಳವನು, ಖಳರಲ್ಲಿ ಬಿಳಿಯರೂ ಇದ್ದಾರೆ. ಆದರೆ ಅಣಕ ಯಾರ ಮೇಲೆ ಬೀಳುತ್ತದೆ ಎಂಬುದನ್ನು ದೃಶ್ಯದಿಂದ ದೃಶ್ಯಕ್ಕೆ ಗಮನಿಸಬೇಕು. ಚಿತ್ರದಲ್ಲಿ ಸೇನಾಧಿಕಾರಿ ಜನರಲ್ ಕಸ್ಟರ್, ಕಾನೂನುಪಾಲಕ ವ್ಯಾಟ್ ಅರ್ಪ್, ಲೇಖಕ ಮಾರ್ಕ್ ಟ್ವೇನ್ ಮುಂತಾದ ಚರಿತ್ರೆಯ ಬಿಳಿಯರೂ ಗೇಲಿಗೆ ಸಿಕ್ಕಿದ್ದಾರೆ, ನಿಜ. ಆದರೆ ಅವರನ್ನು ಹೆಸರು, ಚರಿತ್ರೆ, ವ್ಯಕ್ತಿತ್ವ ಉಳ್ಳವರೆಂದು ಒಪ್ಪಿಕೊಂಡೇ ಗೇಲಿ ಮಾಡಲಾಗಿದೆ. ಆ ಹೆಂಗಸರಿಗೆ ಸಿಕ್ಕಿದ್ದು ಅಶ್ಲೀಲ ಹೆಸರು ಮಾತ್ರ. ಹಳೆಯ ಹಾಲಿವುಡ್ ಅವರನ್ನು ಹಾಗೆ ನೋಡಿತ್ತು ಎಂದು ತೋರಿಸುವುದಕ್ಕೂ ತಾನೂ ಹಾಗೆಯೇ ನೋಡುವುದಕ್ಕೂ ನಡುವೆ ಇರಬೇಕಾದ ಅಂತರ ಇಲ್ಲಿ ಎಷ್ಟೋ ಕಡೆ ಕಾಣುವುದಿಲ್ಲ. ಈ ತಕರಾರನ್ನು ‘ನನಗೆ ನಗು ಬಂತು, ನಿನಗೆ ಬರಲಿಲ್ಲ’ ಎಂಬ ಅಭಿರುಚಿಯ ಜಗಳದೊಳಗೆ ತುರುಕುವುದು ತಪ್ಪೆಂದು ನನ್ನ ಅಭಿಪ್ರಾಯ. ವಿಮರ್ಶಕರು ಸಮಯ ಹಾಳಾಯಿತೆಂದರು, ಅಭಿಮಾನಿಗಳು ಸಮಯ ಕಳೆಯಿತೆಂದರು, ಈ ಕಲಾವಿದರು ತಮ್ಮನ್ನು ಕುರಿತು ಸುಳ್ಳು ಹೇಳಲಾಗುತ್ತಿದೆ ಎಂದರು. ಮೂರನೆಯವರ ಮಾತಿಗೆ ಉಳಿದಿಬ್ಬರ ಅಂಕಗಳು ಉತ್ತರವಾಗಲಾರವು.

ಪ್ರಶ್ನೆ: ಹೊಲಸು ಹಾಸ್ಯವಿದ್ದರೆ ಚಿತ್ರ ಕೆಟ್ಟದ್ದೆಂದು ಹೇಳಿಬಿಡಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹೇಳಲಾಗದು. ಮೆಲ್ ಬ್ರೂಕ್ಸ್ ಅವರ 1974ರ ‘ಬ್ಲೇಜಿಂಗ್ ಸ್ಯಾಡಲ್ಸ್’ ಕೂಡ ಕೌಬಾಯ್ ಚಿತ್ರಗಳ ಅಣಕವೇ. ಬೆಂಕಿಯ ಸುತ್ತ ಕುಳಿತು ಹುರುಳಿಕಾಳಿನಂಥ ಬೀನ್ಸ್ ತಿಂದ ಗಂಡಸರು ಸಾಲಾಗಿ ಹೂಸು ಬಿಡುವ ದೃಶ್ಯವೇ ಅದರಲ್ಲಿ ಅತ್ಯಂತ ಪ್ರಸಿದ್ಧವಾದುದು. ಆದರೂ ಅದು ಮೂರು ಆಸ್ಕರ್ ನಾಮನಿರ್ದೇಶನಗಳನ್ನು ಪಡೆಯಿತು. ಬಿಳಿಯರ ಊರಿಗೆ ಕಪ್ಪು ಶೆರಿಫ್ (ಊರಿನ ಪೊಲೀಸ್ ಅಧಿಕಾರಿ) ಬಂದಾಗ ಊರವರ ಜನಾಂಗದ್ವೇಷವೇ ನಗೆಪಾಟಲಾಗುವಂತೆ ಆ ಚಿತ್ರವನ್ನು ಕಟ್ಟಲಾಗಿದೆ, ಬರೆದವರಲ್ಲಿ ಕಪ್ಪು ಹಾಸ್ಯನಟ ರಿಚರ್ಡ್ ಪ್ರಯರ್ ಕೂಡ ಇದ್ದರು. ಅಲ್ಲಿ ಹೊಲಸು ಇದೆ, ಗುರಿಯೂ ಇದೆ. ಸ್ಯಾಂಡ್ಲರ್ ಚಿತ್ರದಲ್ಲಿ ಕತ್ತೆಯೊಂದಕ್ಕೆ ಭೇದಿಯಾಗುತ್ತದೆ, ಗೋಡೆ ಮೈಯೆಲ್ಲ ಕೊಳೆಯಾಗುತ್ತದೆ, ಅಷ್ಟೇ. ಅದರಿಂದ ಯಾರ ಬಣ್ಣವೂ ಬಯಲಾಗುವುದಿಲ್ಲ. ಮೊದಲ ಸಲ ನಗು ಬಂದೀತು, ನನಗೂ ಬಂತು. ಎರಡು ಗಂಟೆಯ ಚಿತ್ರವನ್ನು ಅಂಥ ತುಣುಕುಗಳಿಂದಲೇ ತುಂಬಿದಾಗ ಬೇಸರವಾಗುವುದು ಹೊಲಸಿನಿಂದಲ್ಲ, ಸೋಮಾರಿತನದಿಂದ. ಆರು ಮಂದಿ ಮಲಸಹೋದರರು ಅಪ್ಪನನ್ನು ಬಿಡಿಸಲು ಹೊರಡುವ ಕಥೆಗೆ ತೊಂಬತ್ತು ನಿಮಿಷ ಧಾರಾಳವಾಗಿತ್ತು. ಚಿತ್ರಮಂದಿರದ ಪ್ರದರ್ಶನಗಳ ವೇಳೆಗೆ ಹೊಂದಿಸಬೇಕಾದ ಒತ್ತಡ ಇಲ್ಲದಿರುವುದರಿಂದಲೋ ಏನೋ, ಓಟಿಟಿಗೆಂದೇ ತೆಗೆದ ಹಾಸ್ಯಚಿತ್ರಗಳಲ್ಲಿ ಕತ್ತರಿ ಆಡಿಸುವವರ ಕೈ ಕಟ್ಟಿದಂತೆ ಕಾಣುತ್ತದೆ.

ಪ್ರಶ್ನೆ: ಇಷ್ಟು ಬೈಸಿಕೊಂಡವರಿಗೆ ಕಂಪನಿ ಮತ್ತೆ ಮತ್ತೆ ಹಣ ಹಾಕುವುದೇಕೆ?
– ಓದುಗರೊಬ್ಬರು, ಎಡಿಸನ್, ನ್ಯೂ ಜೆರ್ಸಿ

ಉತ್ತರ: ಚಂದಾ ಉಳಿದರೆ ಸಾಕು ಎಂಬ ವ್ಯಾಪಾರ ಅದು. 2014ರ ಅಕ್ಟೋಬರಿನಲ್ಲಿ ಸ್ಯಾಂಡ್ಲರ್ ಅವರೊಂದಿಗೆ ನಾಲ್ಕು ಚಿತ್ರಗಳ ಒಪ್ಪಂದವಾಗಿತ್ತು, ಇದು ಅವುಗಳಲ್ಲಿ ಮೊದಲನೆಯದು. 2017ರಲ್ಲಿ ಮತ್ತೆ ನಾಲ್ಕಕ್ಕೆ, 2020ರಲ್ಲಿ ಇನ್ನೂ ನಾಲ್ಕಕ್ಕೆ ಒಪ್ಪಂದ ಮುಂದುವರಿಯಿತು. ಈ ಚಿತ್ರ ಬಂದಂದಿನಿಂದ ಚಂದಾದಾರರು ಸ್ಯಾಂಡ್ಲರ್ ಚಿತ್ರಗಳನ್ನು 50 ಕೋಟಿ ಗಂಟೆಗಳಿಗೂ ಹೆಚ್ಚು ನೋಡಿದ್ದಾರೆಂದು 2017ರ ಏಪ್ರಿಲ್‌ನಲ್ಲಿ ಕಂಪನಿ ತನ್ನ ಷೇರುದಾರರಿಗೆ ತಿಳಿಸಿತು. ವಿಮರ್ಶಕ ಬೈದ ಮಾತ್ರಕ್ಕೆ ಯಾರೂ ಚಂದಾ ನಿಲ್ಲಿಸುವುದಿಲ್ಲ. ಇನ್ನೊಂದು ತಮಾಷೆ: ಈ ಚಿತ್ರದಲ್ಲಿ ಮಾರ್ಕ್ ಟ್ವೇನ್ ಆಗಿ ರ‍್ಯಾಪ್ ಗಾಯಕ ವೆನಿಲ್ಲಾ ಐಸ್ ಬಂದುಹೋಗುತ್ತಾರೆ, 2023ರಲ್ಲಿ ಅಮೆರಿಕದ ಕೆನಡಿ ಸೆಂಟರ್ ಹಾಸ್ಯಕ್ಕಾಗಿ ಕೊಡುವ ಮಾರ್ಕ್ ಟ್ವೇನ್ ಪ್ರಶಸ್ತಿ ಸಂದದ್ದು ಸ್ಯಾಂಡ್ಲರ್ ಅವರಿಗೇ.

ಪ್ರಶ್ನೆ: ಹಾಗಾದರೆ ನೋಡಬೇಕೋ ಬೇಡವೋ?
– ಓದುಗರೊಬ್ಬರು, ಹಾಸನ

ಉತ್ತರ: ಜಾನ್ ಟರ್ಟುರೊ ಅಬ್ನರ್ ಡಬಲ್‌ಡೇ ಆಗಿ ಬರುವ ದೃಶ್ಯವನ್ನು ನೋಡಿ. ಬೇಸ್‌ಬಾಲ್ ಆಟವನ್ನು ಕಂಡುಹಿಡಿದವನೆಂದು ಬಹುಕಾಲ ನಂಬಲಾಗಿದ್ದ, ಈಗ ಇತಿಹಾಸಕಾರರು ಒಪ್ಪದ ವ್ಯಕ್ತಿ ಅವನು. ಚಿತ್ರದಲ್ಲಿ ಅವನು ತಾನು ಸೋಲುವಂತೆ ಕಂಡಾಗಲೆಲ್ಲ ಹೊಸದೊಂದು ನಿಯಮ ಹೂಡುತ್ತಾನೆ, ಆ ನಿಯಮಗಳೇ ಇಂದಿನ ಆಟದ ನಿಯಮಗಳು! ಅದು ನಿಜಕ್ಕೂ ಬುದ್ಧಿ ಖರ್ಚು ಮಾಡಿ ಬರೆದ ಹಾಸ್ಯ. ಉಳಿದದ್ದಕ್ಕೆ ನಿಮ್ಮಲ್ಲಿ ಎಷ್ಟು ಬಿಡುವಿದೆ ಎಂಬುದನ್ನು ನೀವೇ ನೋಡಿಕೊಳ್ಳಿ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಅವರು ಮಲಗಿದ ಮೇಲೆ ಹಾಕಿ.